ಹುದ್ದೆಯಿಲ್ಲದ ಕುರ್ಚಿ

ನಮ್ಮೂರಿನ ನಗರಸಭೆಯಲ್ಲಿ ಎರಡು ಹಾಜರಿ ಪುಸ್ತಕಗಳಿದ್ದವು. ಕಾಯಂ ನೌಕರರದ್ದು ಮ್ಯಾನೇಜರ್ ಮೇಜಿನ ಮೇಲಿರುತ್ತಿತ್ತು. ಇನ್ನೊಂದು, ಹೊರಗುತ್ತಿಗೆ ಏಜೆನ್ಸಿಯವರು ಕೊಟ್ಟ ಉದ್ದನೆಯ ನೋಟ್‌ಬುಕ್ಕು. ಅದು ಟಪಾಲು ಟೇಬಲ್ಲಿನ ಪಕ್ಕದ ಕಿಟಕಿಯಲ್ಲಿ ಬಿದ್ದಿರುತ್ತಿತ್ತು. ವಾಲ್ವ್‌ಮನ್‌ಗಳು, ಕಸದ ಗಾಡಿಯ ಡ್ರೈವರುಗಳು, ರಾತ್ರಿ ಕಾವಲುಗಾರ, ಜೊತೆಗೆ ಕಂಪ್ಯೂಟರ್ ಆಪರೇಟರುಗಳಾದ ನಾವು ಅದರಲ್ಲಿ ಸಹಿ ಹಾಕುತ್ತಿದ್ದೆವು. ಊರಿನ ಅಷ್ಟೂ ಮನೆಗಳ ಖಾತೆ, ಅಷ್ಟೂ ಹುಟ್ಟು-ಸಾವು, ಅಷ್ಟೂ ಕಂದಾಯ ನಮ್ಮ ಕೈ ಹಾದೇ ಹೋಗುತ್ತಿತ್ತು. ಆದರೆ ಕಚೇರಿಯ ಮಂಜೂರಾದ ಹುದ್ದೆಗಳ ಪಟ್ಟಿ ತೆಗೆದರೆ ಅಲ್ಲಿ ನಾವಿಲ್ಲ. ಬೆರಳಚ್ಚುಗಾರರ ಹುದ್ದೆ ಇತ್ತು, ಖಾಲಿ ಇತ್ತು. ಟೈಪ್‌ರೈಟರು ದಾಸ್ತಾನು ಕೋಣೆ ಸೇರಿ ಎಷ್ಟೋ ವರ್ಷವಾಗಿತ್ತು.

ನಾನು ಅಲ್ಲಿಗೆ ಸೇರಿದ್ದು 2009ರಲ್ಲಿ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮುಗಿಸಿದ್ದೆ. ಜೊತೆಗೆ ಓದಿದವರಲ್ಲಿ ಬಹಳ ಜನ ಬೆಂಗಳೂರಿನ ಬಸ್ಸು ಹತ್ತಿದರು. ಅಪ್ಪನಿಗೆ ಪಾರ್ಶ್ವವಾಯು ಹೊಡೆದಿದ್ದರಿಂದ ನಾನು ಊರಲ್ಲೇ ಉಳಿದೆ. ನಗರಸಭೆಯಲ್ಲಿ ಆಪರೇಟರ್ ಬೇಕಂತೆ ಅಂತ ಯಾರೋ ಹೇಳಿದರು. ಹೋಗಿ ವಿಚಾರಿಸಿದಾಗ ಕಂದಾಯ ಶಾಖೆಯ ಹಿರಿಯ ಕೇಸ್ ವರ್ಕರ್ ಒಬ್ಬರು ಕೀಲಿಮಣೆ ಮುಂದಿಟ್ಟು, "ನುಡಿಯಲ್ಲಿ ಹೊಡಿತೀಯೇನಮ್ಮ?" ಅಂದರು. ಅದೇ ಸಂದರ್ಶನ. "ಸಂಬಳ ಎಷ್ಟು ಸಾರ್?" ಅಂದೆ. ಅವರು ನಕ್ಕು, "ಸಂಬಳ ನಮಗೆ ಬರೋದು. ನಿಮಗೆ ಬರೋದು ಬಿಲ್ಲು" ಅಂದರು.

ಅದು ತಮಾಷೆಯ ಮಾತೆಂದುಕೊಂಡಿದ್ದೆ. ಅವರು ಹೇಳಿದ್ದು ಲೆಕ್ಕಪತ್ರದ ನಿಜ. ಕಾಯಂ ನೌಕರರ ವೇತನ ರಾಜ್ಯ ಹಣಕಾಸು ಆಯೋಗದ ವೇತನ ಅನುದಾನದಲ್ಲಿ ಬರುತ್ತದೆ. ನಮ್ಮದು ನಗರಸಭೆಯ ಸ್ವಂತ ನಿಧಿಯಿಂದ, ಬೀದಿದೀಪದ ಬಲ್ಬು ಮತ್ತು ಬ್ಲೀಚಿಂಗ್ ಪೌಡರಿನ ಹಾಗೆ ಟೆಂಡರು ಕರೆದು ತರಿಸಿದ ಸರಬರಾಜಿನ ಬಾಬ್ತು. ತಿಂಗಳು ಮುಗಿದ ಮೇಲೆ ಏಜೆನ್ಸಿಯವರು ಬಿಲ್ಲು ಹಾಕಬೇಕು, ಹಾಜರಾತಿ ದೃಢೀಕರಣ ಆಗಬೇಕು, ಲೆಕ್ಕ ಶಾಖೆಯಲ್ಲಿ ಪಾಸಾಗಬೇಕು, ಪೌರಾಯುಕ್ತರ ಸಹಿ ಬೀಳಬೇಕು. ಆ ಮೇಲೆ ಏಜೆನ್ಸಿಯ ಖಾತೆಗೆ ದುಡ್ಡು, ಅಲ್ಲಿಂದ ನಮಗೆ. ಪೌರಾಯುಕ್ತರು ವರ್ಗವಾಗಿ ಹೊಸಬರು ಬರುವುದು ತಡವಾದರೆ ನಮ್ಮ ಮನೆಯಲ್ಲಿ ಹಾಲಿನವನಿಗೆ ಬಾಕಿ ಹೇಳಬೇಕಾಗುತ್ತಿತ್ತು. ಆ ಬಿಲ್ಲನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆಯುವವರೂ ನಾವೇ.

ಟೆಂಡರಿನ ಒಳಗುಟ್ಟು ಗೊತ್ತಾಗಲು ನನಗೆ ಕೆಲವು ವರ್ಷ ಬೇಕಾಯಿತು. ಕಾರ್ಮಿಕ ಇಲಾಖೆ ಕನಿಷ್ಠ ವೇತನ ನಿಗದಿ ಮಾಡುತ್ತದೆ. ಅದರ ಮೇಲೆ ಮಾಲೀಕರ ಪಾಲಿನ ಪಿಎಫ್, ಇಎಸ್‌ಐ. ಇಷ್ಟನ್ನು ಯಾರೂ ಕಡಿಮೆ ಮಾಡುವಂತಿಲ್ಲ. ಹಾಗಾಗಿ ಏಜೆನ್ಸಿಗಳ ಪೈಪೋಟಿ ಉಳಿಯುವುದು ಸರ್ವೀಸ್ ಚಾರ್ಜಿನ ಮೇಲೆ ಮಾತ್ರ. ಕಡಿಮೆ ಕೇಳಿದವರಿಗೆ ಕೆಲಸ. ಒಂದು ವರ್ಷ ಗೆದ್ದವರ ಸರ್ವೀಸ್ ಚಾರ್ಜು ಹೆಚ್ಚುಕಡಿಮೆ ಸೊನ್ನೆ. ಲಾಭವೇ ಇಲ್ಲದೆ ಊರಿನ ಸೇವೆಗೆಂದು ಯಾರು ಬರುತ್ತಾರೆ? ಉತ್ತರ ಸಿಕ್ಕಿದ್ದು 2014ರ ನಂತರ, ಪಿಎಫ್‌ಗೆ ಯುಎಎನ್ ನಂಬರು ಬಂದು ಪಾಸ್‌ಬುಕ್ಕನ್ನು ನಾವೇ ನೋಡುವಂತಾದಾಗ. ಊಟದ ಹೊತ್ತಿನಲ್ಲಿ ಎಲ್ಲರೂ ಒಂದೇ ಕಂಪ್ಯೂಟರಿನ ಸುತ್ತ ಕೂತು ಒಬ್ಬೊಬ್ಬರದೇ ಪಾಸ್‌ಬುಕ್ ತೆರೆದೆವು. ನಮ್ಮಿಂದ ಹಿಡಿದಿದ್ದ ಶೇ. 12 ಕೆಲವು ತಿಂಗಳುಗಳಲ್ಲಿ ಜಮೆಯೇ ಆಗಿರಲಿಲ್ಲ. ದೂರು ಕೊಟ್ಟೆವು. ಅಷ್ಟರಲ್ಲಿ ಆ ಏಜೆನ್ಸಿಯ ಅವಧಿ ಮುಗಿದು ಬೇರೆಯವರು ಬಂದಿದ್ದರು. ಗ್ರಾಚ್ಯುಟಿಗೆ ಒಬ್ಬ ಮಾಲೀಕರ ಕೈಕೆಳಗೆ ಐದು ವರ್ಷದ ಸತತ ಸೇವೆ ಬೇಕು ಎನ್ನುತ್ತಿತ್ತು 1972ರ ಕಾಯ್ದೆ. ನಮ್ಮ ಕುರ್ಚಿ ಬದಲಾಗುತ್ತಿರಲಿಲ್ಲ, ಮಾಲೀಕರು ಮಾತ್ರ ವರ್ಷ ಎರಡು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು.

ಇಷ್ಟೆಲ್ಲ ಹೇಳಿದರೂ ಕೆಲಸದ ಬಗ್ಗೆ ನನಗೆ ಕಹಿಯಿಲ್ಲ. ಹಳೆಯ ಎಂಎಆರ್-19 ಆಸ್ತಿ ವಹಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಆಗ ನಡೆಯುತ್ತಿತ್ತು. ನುಸಿ ಹಿಡಿದ ಆ ವಹಿಗಳಲ್ಲಿ ಊರು ಹೇಗೆ ಬೆಳೆಯಿತು ಎಂಬುದು ಕಾಣುತ್ತಿತ್ತು. ಪೇಟೆಬೀದಿಯ ಒಂದು ಮನೆ ನಾಲ್ಕು ಮಕ್ಕಳಿಗೆ ಹಂಚಿಹೋಗಿ ನಾಲ್ಕು ನಂಬರು ಆಗಿರುತ್ತಿತ್ತು. ಖಾತೆದಾರ ತೀರಿಕೊಂಡು ಮೂವತ್ತು ವರ್ಷವಾದರೂ ಕಂದಾಯ ಅವರ ಹೆಸರಿನಲ್ಲೇ ಬರುತ್ತಿರುತ್ತಿತ್ತು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ "ಹುಣಸೆಮರ" ಎಂದು ಬರೆದಿರುತ್ತಿದ್ದರು, ಹೋಗಿ ನೋಡಿದರೆ ಅಲ್ಲಿ ಮೊಬೈಲ್ ಅಂಗಡಿ. ಹಳೇ ನಂಬರು, ಹೊಸ ನಂಬರು, ನಡುವೆ ಯಾರೋ ಕೆಂಪು ಶಾಯಿಯಲ್ಲಿ ತಿದ್ದಿದ ನಂಬರು, ಈ ಮೂರನ್ನೂ ಹೊಂದಿಸಲು ಬಿಲ್ ಕಲೆಕ್ಟರುಗಳ ನೆನಪೇ ಆಧಾರ. ಅವರು ಒಬ್ಬೊಬ್ಬರಾಗಿ ನಿವೃತ್ತರಾದರು. ಅವರ ನೆನಪಿನಲ್ಲಿದ್ದುದು ನಿಧಾನವಾಗಿ ನಮ್ಮ ತಲೆಗೆ ಬಂತು. ಕೆಲವು ವರ್ಷಗಳಲ್ಲಿ ಯಾರಾದರೂ ಬಂದು ಅಜ್ಜನ ಹೆಸರು ಹೇಳಿದರೆ ವಾರ್ಡು ಯಾವುದು, ಕಡತ ಯಾವ ಕಪಾಟಿನಲ್ಲಿದೆ ಎಂದು ಕೂತಲ್ಲೇ ಹೇಳುವಷ್ಟಾದೆ.

ಮುಂದೊಮ್ಮೆ ನುಡಿ ತಂತ್ರಾಂಶದಲ್ಲಿದ್ದ ಮಾಹಿತಿಯನ್ನೆಲ್ಲ ಯೂನಿಕೋಡಿಗೆ ತಿರುಗಿಸಬೇಕಾಯಿತು. ಒತ್ತಕ್ಷರಗಳು, ಅರ್ಕಾವತ್ತುಗಳು ಅಲ್ಲಲ್ಲಿ ಚೆಲ್ಲಾಪಿಲ್ಲಿಯಾಗಿ ಎಷ್ಟೋ ಮಂದಿಯ ಹೆಸರು ಗುರುತೇ ಸಿಗದಂತಾಯಿತು. ಖಾತೆಯಲ್ಲಿ ಒಂದಕ್ಷರ ತಪ್ಪಿದರೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ನೋಂದಣಿ ಕಚೇರಿಯಲ್ಲಿ ಪತ್ರ ಆಗುವುದಿಲ್ಲ. ಹೆಸರು ಹೆಸರೂ ಓದಿ ತಿದ್ದಿದೆವು. ತಂತ್ರಾಂಶ ಬದಲಾಯಿಸಿದ್ದಕ್ಕೆ ಆದೇಶ ಇತ್ತು, ಹಣ ಇತ್ತು. ತಿದ್ದುವ ಕೆಲಸಕ್ಕೆ ಆದೇಶವೂ ಇರಲಿಲ್ಲ, ಹಣವೂ ಇರಲಿಲ್ಲ. ಅದು "ಹಾಗೇ ಮಾಡಿಬಿಡಿ" ಲೆಕ್ಕ.

ಕರ್ನಾಟಕದ ಊರಾಡಳಿತಕ್ಕೆ ಕಂಪ್ಯೂಟರು ಬಂದ ದಾರಿ ನೋಡಿದರೆ ಇದು ನಮ್ಮೊಂದು ಊರಿನ ಕತೆಯಲ್ಲ ಅನಿಸುತ್ತದೆ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ನಂದನ್ ನಿಲೇಕಣಿ ಅವರ ಮುಂದಾಳತ್ವದಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಮಾಡಿತು. 2000ದಲ್ಲಿ ಬೆಂಗಳೂರಿನಲ್ಲಿ ಸ್ವಯಂ ಘೋಷಿತ ಆಸ್ತಿ ತೆರಿಗೆ ಬಂತು. ಮುಂದೆ ಪಾಲಿಕೆಯ ಲೆಕ್ಕ ಜೋಡಿ ನಮೂದಿನ ಪದ್ಧತಿಗೆ ತಿರುಗಿತು. ರಾಜ್ಯದ ಉಳಿದ ಊರುಗಳಿಗೆ ಪೌರಾಡಳಿತ ನಿರ್ದೇಶನಾಲಯದ ಮುನ್ಸಿಪಲ್ ರಿಫಾರ್ಮ್ಸ್ ಸೆಲ್ ಮೂಲಕ ಕಂದಾಯ, ಲೆಕ್ಕ, ಕುಂದುಕೊರತೆಯ ತಂತ್ರಾಂಶಗಳು ಬಂದವು. ದೊಡ್ಡ ಮನಸ್ಸಿನ, ದೊಡ್ಡ ಕೆಲಸದ ಜನ ಕೆಲವರು ತಮ್ಮ ಕಂಪನಿಗಳಿಂದ ಬಿಡುವು ಮಾಡಿಕೊಂಡು ಊರಿಗೆ ದುಡಿದರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರಿಗೆ ಊರಿನ ಸಂಬಳ ಬೇಕಿರಲಿಲ್ಲ. ಯೋಜನೆ ಬಂತು, ಸಲಹೆಗಾರರು ಬಂದರು, ಯಂತ್ರ ಬಂತು, ಯೋಜನೆ ಮುಗಿದ ಮೇಲೆ ಆ ಯಂತ್ರವನ್ನು ದಿನಾ ನಡೆಸುವವರು ಯಾರು, ಅವರಿಗೆ ಯಾವ ಹುದ್ದೆ, ಯಾವ ವೇತನಶ್ರೇಣಿ ಎಂಬ ಪ್ರಶ್ನೆ ಮಾತ್ರ ನಮ್ಮಂಥ ಕಚೇರಿಗಳ ಕಿಟಕಿಯ ನೋಟ್‌ಬುಕ್ಕಿಗೆ ಬಂದು ಬಿತ್ತು. ಐಟಿಗೆ ಹೆಸರಾದ ರಾಜ್ಯದಲ್ಲೇ ಹೀಗೆ.

2012ರ ಏಪ್ರಿಲ್‌ನಲ್ಲಿ ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಬಂತು. ಪ್ರತಿ ಅರ್ಜಿಗೆ ಹದಿನೈದು ಅಂಕಿಯ ಜಿಎಸ್‌ಸಿ ಸಂಖ್ಯೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ, ಅದೂ ಅಧಿಕಾರಿಯ ಕೈಯಿಂದ. ಜನಕ್ಕೆ ಒಳ್ಳೆಯ ಕಾನೂನು. ಜನನ ಪ್ರಮಾಣಪತ್ರಕ್ಕೆ ಬಂದ ಹಳ್ಳಿಯ ಹೆಂಗಸು ಧೈರ್ಯವಾಗಿ "ನನ್ ನಂಬರ್ ಏನಾತು?" ಎಂದು ಕೇಳುವುದನ್ನು ನಾನು ಕಣ್ಣಾರೆ ಕಂಡೆ, ಖುಷಿಪಟ್ಟೆ. ದಂಡ ಅಧಿಕಾರಿಯ ಹೆಸರಿಗಿದ್ದರೂ ದಿನ ಎಣಿಸುವ ಪರದೆ ನನ್ನ ಎದುರಿಗಿತ್ತು. ಹಾಗಾಗಿ ಗಡುವಿನ ಹಿಂದಿನ ಸಂಜೆಗಳಲ್ಲಿ ಕಚೇರಿಯ ಬೀಗ ಹಾಕುವುದು ನಾವೇ ಆಯಿತು. ನಮ್ಮ ಜಿಲ್ಲೆಯ ಶ್ರೇಯಾಂಕ ಏರಿದಾಗ ಫೋಟೊದಲ್ಲಿ ಪೌರಾಯುಕ್ತರು ಮತ್ತು ಶಾಖೆಯ ಅಧಿಕಾರಿಗಳು ನಿಂತರು. ಫೋಟೊ ತೆಗೆದದ್ದು ನಾನು.

ಇದೇ 2012ರಲ್ಲಿ ರಾಜ್ಯ ಸರ್ಕಾರಿ ನೌಕರರ ವೇತನ ಪರಿಷ್ಕರಣೆಯಾಯಿತು. ದ್ವಿತೀಯ ದರ್ಜೆ ಸಹಾಯಕರ (ಎಸ್‌ಡಿಎ) ಮೂಲ ವೇತನ 11,600ರಿಂದ, ಪ್ರಥಮ ದರ್ಜೆಯವರದ್ದು (ಎಫ್‌ಡಿಎ) 14,550ರಿಂದ ಶುರು. ತುಟ್ಟಿಭತ್ಯೆ, ಮನೆ ಬಾಡಿಗೆ ಬೇರೆ. ನನ್ನ ಕೈಗೆ ಆಗ ಸುಮಾರು ಆರು ಸಾವಿರ ಬರುತ್ತಿತ್ತು. 2018ರಲ್ಲಿ ಎಸ್‌ಡಿಎ 21,400ಕ್ಕೆ, ಎಫ್‌ಡಿಎ 27,650ಕ್ಕೆ ಏರಿದರು. ಏಳನೇ ವೇತನ ಆಯೋಗ ಜಾರಿಯಾದ 2024ರ ಆಗಸ್ಟಿನಿಂದ ಅದು 34,100 ಮತ್ತು 44,425. ಅವರ ಹೊಟ್ಟೆಯ ಮೇಲೆ ನನಗೆ ಕಣ್ಣಿಲ್ಲ. ಸಂಸಾರ ಮಾಡಿ ಮಕ್ಕಳ ಓದಿಸಲು ಅಷ್ಟು ಬೇಕೇ ಬೇಕು. ಆದರೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನನ್ನ ಕಂಪ್ಯೂಟರಿನ ಪ್ರಿಂಟಿಗೆ ಇನಿಷಿಯಲ್ ಹಾಕುವ ಹುಡುಗನಿಗೆ ಸಿಗುವ ವಾರ್ಷಿಕ ವೇತನ ಬಡ್ತಿ, ರಜೆ, ವೈದ್ಯಕೀಯ ಮರುಪಾವತಿ ಇವುಗಳಲ್ಲಿ ಒಂದೂ ನನ್ನ ಬಿಲ್ಲಿನಲ್ಲಿರಲಿಲ್ಲ. ಹತ್ತು ವರ್ಷ ದುಡಿದವರಿಗೂ ನಿನ್ನೆ ಸೇರಿದವರಿಗೂ ಒಂದೇ ದರ. ಬೆಂಗಳೂರಿಗೆ ಹೋದ ಗೆಳತಿಯರು ಶುರುವಿನಲ್ಲಿ ವರ್ಷಕ್ಕೆ ಮೂರು ಲಕ್ಷದ ಆಸುಪಾಸು ತೆಗೆದುಕೊಂಡು, ಕಂಪನಿ ಬದಲಾಯಿಸಿದಾಗಲೆಲ್ಲ ಏರಿದರು. ನಾವು ಏಜೆನ್ಸಿ ಬದಲಾದಾಗಲೆಲ್ಲ ಮತ್ತೆ ಹೊಸದಾಗಿ ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಕೊಟ್ಟೆವು.

ಕಾಯಂ ಆಗುವ ಆಸೆ ಇರಲಿಲ್ಲವೇ? ಇತ್ತು. ಆ ಆಸೆಯ ಎದುರು ದೊಡ್ಡ ಗೋಡೆಯಾಗಿ ನಿಂತದ್ದು 2006ರ ಏಪ್ರಿಲ್ 10ರ ಉಮಾದೇವಿ ತೀರ್ಪು. ಸುಪ್ರೀಂ ಕೋರ್ಟಿನ ಆ ಸಾಂವಿಧಾನಿಕ ಪೀಠದ ಮುಂದೆ ಹೋದ ಮೊಕದ್ದಮೆ ನಮ್ಮ ರಾಜ್ಯದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದ್ದು. ನೇಮಕಾತಿಯ ನಿಯಮ ಬಿಟ್ಟು ಹಿಂಬಾಗಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ ಎಂದಿತು ಕೋರ್ಟು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಒಮ್ಮೆ ಮಾತ್ರ ರಿಯಾಯಿತಿ ಕೊಟ್ಟಿತು. ನಮ್ಮ ಯೂನಿಯನ್ನಿನ ವಕೀಲರು ಅದನ್ನು ವಿವರಿಸಿ, "ನೀವು ದಿನಗೂಲಿಯೂ ಅಲ್ಲಮ್ಮ. ನಗರಸಭೆಗೂ ನಿಮಗೂ ಕಾಗದದ ಮೇಲೆ ಸಂಬಂಧವೇ ಇಲ್ಲ" ಅಂದರು. 2012ರಲ್ಲಿ ಹಳೆಯ ದಿನಗೂಲಿಗಳಿಗೆಂದು ರಾಜ್ಯ ಒಂದು ಕ್ಷೇಮಾಭಿವೃದ್ಧಿ ಕಾಯ್ದೆ ಮಾಡಿತು. ಅದರ ಬಾಗಿಲೂ ನಮಗೆ ತೆರೆಯಲಿಲ್ಲ. ಮುಂಬಾಗಿಲಿನಿಂದ ಹೋಗೋಣವೆಂದರೆ ನೇಮಕಾತಿಗೆ ಆಗ ವಯಸ್ಸಿನ ಮಿತಿ ಇತ್ತು: ಸಾಮಾನ್ಯ ವರ್ಗಕ್ಕೆ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ 40. ಸಂಜೆ ಏಳಕ್ಕೆ ಕಚೇರಿ ಬಿಟ್ಟು, ಅಡುಗೆ ಮುಗಿಸಿ, ಅಪ್ಪನಿಗೆ ಮಾತ್ರೆ ಕೊಟ್ಟು ಓದಲು ಕೂತರೆ ಕಣ್ಣು ಎಳೆಯುತ್ತಿತ್ತು. ಪರೀಕ್ಷೆಗಳು ಬಂದು ಹೋದವು, ವಯಸ್ಸೂ ಹೋಯಿತು.

ಕೋರ್ಟುಗಳ ಮಾತು ಆಮೇಲೆ ಸ್ವಲ್ಪ ಮೆದುವಾಯಿತು. 2016ರ ಅಕ್ಟೋಬರಿನಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ, ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ವೇತನಶ್ರೇಣಿಯ ಕನಿಷ್ಠ ಮೊತ್ತವಾದರೂ ಸಲ್ಲಬೇಕು ಎಂದಿತು ಸುಪ್ರೀಂ ಕೋರ್ಟು. 2024ರ ಡಿಸೆಂಬರಿನ ಜಗ್ಗೊ ಪ್ರಕರಣದಲ್ಲಿ, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧ ಮಾಡಿಕೊಳ್ಳುವುದನ್ನು ಟೀಕಿಸಿತು. ಓದಿ ಸಮಾಧಾನವಾಯಿತು. ಅಷ್ಟು ಹೊತ್ತಿಗೆ ನಾನು ನಗರಸಭೆಯ ಹೊರಗಿದ್ದೆ.

ಅಲ್ಲಿದ್ದಾಗ ಸಂಬಳಕ್ಕಿಂತ ಹೆಚ್ಚು ಅಂಜಿಸಿದ್ದು ಡಾಂಗಲ್ಲು. ಆನ್‌ಲೈನ್ ಖಾತೆ, ನಮೂನೆ-3 ಬಂದ ಮೇಲೆ ಅಧಿಕಾರಿಗಳ ಡಿಜಿಟಲ್ ಸಹಿ ಒಂದು ಪೆನ್‌ಡ್ರೈವಿನಂಥ ವಸ್ತುವಿನಲ್ಲಿ ಬಂತು. ಕಾನೂನಿನ ಪ್ರಕಾರ ಅದು ಸಹಿದಾರರ ಕೈಯಲ್ಲೇ ಇರಬೇಕು. ಅಧಿಕಾರಿ ಕಾಮಗಾರಿ ಸ್ಥಳದಲ್ಲಿ, ಮೀಟಿಂಗಿನಲ್ಲಿ, ಜಿಲ್ಲಾಧಿಕಾರಿ ಕಚೇರಿಯ ವಿಡಿಯೊ ಸಂವಾದದಲ್ಲಿ. ಡಾಂಗಲ್ಲು ಆಪರೇಟರಿನ ಮೇಜಿನಲ್ಲಿ. ಒಮ್ಮೆ ಒಂದು ಬಡಾವಣೆಯ ಖಾತೆಗಳ ಬಗ್ಗೆ ದೂರು ಎದ್ದಿತು. ತನಿಖೆ ಶುರುವಾಗುವ ಮೊದಲೇ ನಮ್ಮ ಜೊತೆಯ ಹುಡುಗನೊಬ್ಬನನ್ನು "ಬದಲಿಸಿ ಕೊಡತಕ್ಕದ್ದು" ಎಂದು ಏಜೆನ್ಸಿಗೆ ಒಂದು ಸಾಲಿನ ಪತ್ರ ಹೋಯಿತು. ಕಾಯಂ ನೌಕರರ ಮೇಲೆ ಆರೋಪ ಬಂದರೆ ನೋಟಿಸು, ದೋಷಾರೋಪ ಪಟ್ಟಿ, ವಿಚಾರಣೆ, ಅಮಾನತಿನಲ್ಲಿದ್ದಾಗಲೂ ಜೀವನಾಧಾರ ಭತ್ಯೆ ಎಲ್ಲ ಇವೆ. ಅವನಿಗೆ ಏನು ಆರೋಪ ಅಂತ ಹೇಳುವವರೂ ಇರಲಿಲ್ಲ. ತನಿಖೆಯ ವರದಿಯಲ್ಲಿ ಅವನ ಹೆಸರು ಬರಲಿಲ್ಲ. ಅವನ ಜಾಗಕ್ಕೆ ಬೇರೆಯವರು ಬಂದಾಗಿತ್ತು.

2021ರ ಏಪ್ರಿಲ್, ಮೇ ತಿಂಗಳುಗಳ ಕೋವಿಡ್ ಅಲೆಯಲ್ಲಿ ನಾನು ಇ-ಜನ್ಮ ತಂತ್ರಾಂಶದಲ್ಲಿ ಹುಟ್ಟಿಗಿಂತ ಸಾವನ್ನೇ ಹೆಚ್ಚು ದಾಖಲಿಸಿದೆ. ಆಸ್ಪತ್ರೆಗಳಿಂದ ಕಂತೆ ಕಂತೆ ನಮೂನೆಗಳು ಬರುತ್ತಿದ್ದವು. ಹೆಸರು, ವಯಸ್ಸು, ತಂದೆ ಅಥವಾ ಗಂಡನ ಹೆಸರು, ವಿಳಾಸ. ಖಾತೆಯ ಕೆಲಸದಿಂದಾಗಿ ವಿಳಾಸ ನೋಡಿದರೆ ಮನೆ ಕಣ್ಣಿಗೆ ಬರುತ್ತಿತ್ತು. ಬಿಪಿಎಲ್ ಕುಟುಂಬಗಳಿಗೆ ರಾಜ್ಯದ ಒಂದು ಲಕ್ಷ, ಆ ಮೇಲೆ ವಿಪತ್ತು ನಿಧಿಯ 50 ಸಾವಿರ ಪರಿಹಾರ ಎಂದಾಗ ಮರಣ ಪ್ರಮಾಣಪತ್ರಕ್ಕೆ ಸಾಲು ಹತ್ತಿತು. ಅಪ್ಪನ ಹೆಸರಿನಲ್ಲಿ ದೀರ್ಘ ತಪ್ಪಿದೆ, ಆಧಾರ್‌ಗೆ ಹೊಂದುತ್ತಿಲ್ಲ ಎಂದು ಮಕ್ಕಳು ಅಳುತ್ತ ನಿಲ್ಲುತ್ತಿದ್ದರು. ಆ ದಿನಗಳಲ್ಲಿ ಒಬ್ಬರೂ ರಜೆ ಹಾಕಲಿಲ್ಲ. ಹಾಕಿದ್ದರೆ ಬಿಲ್ಲಿನಲ್ಲಿ ದಿನ ಕಡಿತ, ಅದು ನಿಜ. ಆದರೆ ಅದಕ್ಕಾಗಿ ಮಾತ್ರ ಬಂದೆವೆಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಒಂದು ಪ್ರಶ್ನೆ ಈಗಲೂ ನನ್ನನ್ನು ಕೆಣಕುತ್ತದೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ಅದೇ ವರ್ಷ ಮೊದಲ ಹಂತದಲ್ಲಿ 11,133 ಮಂದಿಯ ಕಾಯಮಾತಿಗೆ ಸರ್ಕಾರ ಒಪ್ಪಿತು. ಅವರು ಗೆದ್ದದ್ದು ಹೇಗೆ, ನಮ್ಮಿಂದ ಏಕೆ ಆಗಲಿಲ್ಲ? ನಾಲ್ಕು ದಿನ ಕಸ ಎತ್ತದಿದ್ದರೆ ಊರು ನಾರುತ್ತದೆ, ಸರ್ವರ್ ನಿಂತರೆ "ಸರ್ವರ್ ಡೌನ್, ನಾಳೆ ಬನ್ನಿ" ಎಂಬ ಮಾತಿಗೆ ಜನ ಒಗ್ಗಿಹೋಗಿದ್ದಾರೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮೊಳಗೇ ಇತ್ತು. ಹಾಜರಿ ಒಂದೇ ನೋಟ್‌ಬುಕ್ಕಿನಲ್ಲಿ ಹಾಕಿದರೂ ನಾವು ಫ್ಯಾನಿನ ಕೆಳಗೆ ಕೂರುವವರು, ಇಂಗ್ಲಿಷ್ ಬಲ್ಲವರು, ಮೇಡಂ ಎಂದು ಕರೆಸಿಕೊಳ್ಳುವವರು. ಅವರ ಜೊತೆ ಬೀದಿಗೆ ಇಳಿಯಲು ಆಪರೇಟರುಗಳ ಸಂಘದಲ್ಲಿ ಬಹುಮತ ಸಿಗಲಿಲ್ಲ. ನೇರ ಪಾವತಿ ಬೇಕು ಎಂಬ ಮನವಿ ಪತ್ರಗಳನ್ನು ಮಾತ್ರ ಬಹಳ ಅಚ್ಚುಕಟ್ಟಾಗಿ ಟೈಪ್ ಮಾಡಿದೆವು.

ನಾನು ಬಿಟ್ಟದ್ದು ಜಗಳವಾಡಿ ಅಲ್ಲ. ಹೊಸ ಟೆಂಡರಿನಲ್ಲಿ ಆಪರೇಟರುಗಳ ಸಂಖ್ಯೆ ಕಡಿಮೆ ಮಾಡಿದರು. ನನ್ನ ಹೆಸರು ಉಳಿದಿತ್ತು, ಕೈಕೆಳಗೆ ಕಲಿತ ಇಬ್ಬರು ಹುಡುಗಿಯರದ್ದು ಹೋಗಿತ್ತು. ಮೂವರ ಕೆಲಸ ಒಬ್ಬಳು ಮಾಡುವುದು ಬೇಡವೆನಿಸಿತು. ನಗರಸಭೆಯ ಎದುರಿನ ಕಾಂಪ್ಲೆಕ್ಸಿನಲ್ಲಿ ಸಣ್ಣ ಮಳಿಗೆ ಬಾಡಿಗೆಗೆ ಹಿಡಿದೆ. ಜೆರಾಕ್ಸು, ಸೇವಾಸಿಂಧು ಅರ್ಜಿ, ಖಾತೆಯ ಆನ್‌ಲೈನ್ ಅರ್ಜಿ. ಅದೇ ಜನ, ಅವೇ ದಾಖಲೆ, ಅದೇ ಕೆಲಸ. ತಿಂಗಳ ಕೊನೆಗೆ ಬಾಡಿಗೆ, ಕರೆಂಟು ಕಳೆದು ಉಳಿಯುವುದು ಏಜೆನ್ಸಿ ಕೊಡುತ್ತಿದ್ದುದಕ್ಕಿಂತ ಜಾಸ್ತಿ. ಮೊದಲು ಊರಿನ ಕಂದಾಯದಿಂದ ಬರಬೇಕಾಗಿದ್ದ ಈ ಹಣ ಈಗ ಅರ್ಜಿದಾರರ ಜೇಬಿನಿಂದ ಬರುತ್ತಿದೆ, ಅಷ್ಟೇ ವ್ಯತ್ಯಾಸ. ಆನ್‌ಲೈನ್ ಆದ ಮೇಲೆ ಸೇವೆ ಅಗ್ಗವಾಯಿತು ಎನ್ನುವವರಿಗೆ ನನ್ನ ಅಂಗಡಿಯ ರಸೀದಿ ಪುಸ್ತಕ ತೋರಿಸಬಲ್ಲೆ.

ಈಗಲೂ ಕಚೇರಿಯಿಂದ ಫೋನು ಬರುತ್ತದೆ. "ಮೇಡಂ, ಆ ಹಳೇ ಸಂತೇಪೇಟೆ ವಹಿ ಎಲ್ಲಿಟ್ಟಿದ್ರಿ?" ಎನ್ನುತ್ತಾರೆ. ಹೇಳುತ್ತೇನೆ. ಒಂದು ಊರು ತನ್ನ ದಾಖಲೆ ಬಲ್ಲವರನ್ನು ಉಳಿಸಿಕೊಳ್ಳಲು ದೊಡ್ಡ ಪ್ಯಾಕೇಜು ಕೊಡಬೇಕಿಲ್ಲ. ಐಟಿ ಕಂಪನಿಯ ಜೊತೆ ಪೈಪೋಟಿಗೆ ನಿಲ್ಲಿ ಎಂದು ನಗರಸಭೆಗೆ ಯಾರೂ ಹೇಳುತ್ತಿಲ್ಲ. ಬೆರಳಚ್ಚುಗಾರರ ಖಾಲಿ ಹುದ್ದೆಯನ್ನು ಇವತ್ತಿನ ಕೆಲಸಕ್ಕೆ ತಕ್ಕಂತೆ ಬದಲಾಯಿಸಿ, ಪರೀಕ್ಷೆ ಇಟ್ಟು, ದುಡಿದ ವರ್ಷಗಳಿಗೆ ವಯಸ್ಸಿನಲ್ಲೂ ಅಂಕದಲ್ಲೂ ರಿಯಾಯಿತಿ ಕೊಟ್ಟು ತುಂಬಿದರೆ ಸಾಕು. ಅಷ್ಟಾಗುವವರೆಗೆ ಸಂಬಳ ನೇರವಾಗಿ ಬ್ಯಾಂಕಿಗೆ ಬರಲಿ. ಹೊರಗುತ್ತಿಗೆಯಲ್ಲೂ ಮೀಸಲಾತಿ ಇರಬೇಕೆಂದು ಸರ್ಕಾರ 2024ರಲ್ಲಿ ಆದೇಶ ಮಾಡಿದೆ, ಮೂರನೇ ಒಂದು ಭಾಗ ಹೆಂಗಸರಿಗೆ. ಒಳ್ಳೆಯದೇ. ಆದರೆ ಸೇರುವಾಗ ಸಿಗುವ ಮೀಸಲಾತಿಯ ಜೊತೆಗೆ ಸೇರಿದ ಮೇಲೆ ಉಳಿಯುವ ಹಕ್ಕೂ ಬೇಕು.

ಮೊನ್ನೆ ಒಬ್ಬಳು ಹುಡುಗಿ ಅಂಗಡಿಗೆ ಬಂದು, "ಅಕ್ಕಾ, ನಗರಸಭೇಲಿ ಆಪರೇಟರ್ ಕೆಲಸಕ್ಕೆ ಕರೆದಿದಾರೆ, ಹೋಗ್ಲಾ?" ಅಂತ ಕೇಳಿದಳು. ಹೋಗು ಅಂದೆ. ವರ್ಕ್ ಆರ್ಡರಿನ ಒಂದು ಪ್ರತಿ ಕೇಳಿ ಇಟ್ಟುಕೋ, ಪಿಎಫ್ ಪಾಸ್‌ಬುಕ್ಕನ್ನು ತಿಂಗಳು ತಿಂಗಳೂ ನೋಡು, ಯಾರದ್ದೇ ಡಾಂಗಲ್ಲು ನಿನ್ನ ಡ್ರಾಯರಿನಲ್ಲಿ ರಾತ್ರಿ ಇರಬಾರದು, ವಯಸ್ಸು ಮೀರುವ ಮೊದಲು ಪರೀಕ್ಷೆ ಬರಿ, ಪೌರಕಾರ್ಮಿಕರ ಯೂನಿಯನ್ನಿಗೆ ಸದಸ್ಯತ್ವ ಮಾಡಿಸು ಅಂದೆ. ಅವಳು ಫೋನಿನಲ್ಲಿ ಬರೆದುಕೊಂಡಳು. ಸೇರಿದ್ದಾಳೆ. ಅವಳ ವರ್ಕ್ ಆರ್ಡರು ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಂದಿನ ಟೆಂಡರು ಇನ್ನೂ ಕರೆದಿಲ್ಲ. ಏಪ್ರಿಲ್ 1ರಿಂದ ಆಸ್ತಿ ತೆರಿಗೆಗೆ ಶೇ. 5ರ ರಿಯಾಯಿತಿ ಶುರು. ಆ ತಿಂಗಳು ಕೌಂಟರಿನ ಸಾಲು ಗೇಟು ದಾಟಿ ರಸ್ತೆಗೆ ಬರುತ್ತದೆ. ಆ ಕೌಂಟರಿನಲ್ಲಿ ಯಾರು ಕೂರುತ್ತಾರೆ ಎಂಬುದು ಮಾರ್ಚ್ ಮುಗಿಯುವವರೆಗೆ ಅವಳಿಗೂ ಗೊತ್ತಿಲ್ಲ, ನಗರಸಭೆಗೂ ಗೊತ್ತಿಲ್ಲ.